ಹ್ಯಾಂಡ್ಲರ್ ಸೇರಿಸುವಾಗ ನೀವು ಎಲ್ಲಿ ಎಡವಿದಿರಿ?

ಕಾರವಾರದಿಂದ: ಬೈತಖೋಲ ಬಂದರಿಗೆ ನಮ್ಮ ಮನೆಯ ದೋಣಿ ತರುವ ಮೀನಿನ ಲೆಕ್ಕ ಇಡಲು ಎಒ ಜಾಲದಲ್ಲಿ (ಆರ್ವೀವ್ ಎಂಬ ಶಾಶ್ವತ ಸಂಗ್ರಹದ ಮೇಲೆ ನಡೆಯುವ ಕಂಪ್ಯೂಟರ್ ಜಾಲ) ಒಂದು ಪ್ರೊಸೆಸ್, ಅಂದರೆ ಸಂದೇಶಗಳಿಂದ ನಡೆಯುವ ಪ್ರೋಗ್ರಾಂ, ತೆರೆದಿದ್ದೇನೆ. ಬರುವ ಸಂದೇಶಗಳಿಗೆ ಹ್ಯಾಂಡ್ಲರ್ (ಸಂದೇಶ ಬಂದಾಗ ನಡೆಯುವ ಕೋಡ್ ತುಣುಕು) ಸೇರಿಸುವುದು ನನಗೆ ಹೊಸದು. ಪಳಗಿದವರು ಅನುಭವ ತಿಳಿಸಿ.

ಶಿರಸಿಯಿಂದ: ತಮ್ಮಾ, ಸೇರಿಸುವುದು ಕಷ್ಟವಲ್ಲ. ‘ಹ್ಯಾಂಡ್ಲರ್ಸ್.ಆಡ್’ಗೆ ಒಂದು ಹೆಸರು, ಎಂಥ ಸಂದೇಶವನ್ನು ಹಿಡಿಯಬೇಕೆಂಬ ನಿಯಮ, ಹಿಡಿದ ಮೇಲೆ ಮಾಡುವ ಕೆಲಸ ಇಷ್ಟು ಕೊಟ್ಟರಾಯಿತು. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಕೊನೆಕೊಯ್ಲಿನ ನಂತರ ನಮ್ಮ ಕೇರಿಯ ನಾಲ್ಕು ಮನೆಗಳ ರಾಶಿ, ಚಾಲಿ ಅಡಿಕೆಯ ತೂಕವನ್ನು ಹೀಗೆಯೇ ಬರೆದಿಡುತ್ತಿದ್ದೆ. ಹದಿನೈದು ದಿನ ಚೆನ್ನಾಗಿ ನಡೆಯಿತು. ಒಂದು ಸಂಜೆ ಉತ್ತರದಲ್ಲಿದ್ದ ಅಕ್ಷರದೋಷ ತಿದ್ದಿ ಹ್ಯಾಂಡ್ಲರ್ ಬರೆದಿದ್ದ ಲುವಾ ಭಾಷೆಯ ಕಡತವನ್ನು ಮತ್ತೆ ಲೋಡ್ ಮಾಡಿದೆ. ನೋಡಿದರೆ ಪಟ್ಟಿ ಬರಿದು! ಕಡತದ ಮೊದಲ ಸಾಲು ‘ತೂಕ = {}’ ಎಂದಿತ್ತು; ಲೋಡ್ ಮಾಡಿದಾಗಲೆಲ್ಲ ಅದು ಹೊಸ ಖಾಲಿ ಪಟ್ಟಿಯನ್ನು ಇಡುತ್ತದೆ. ‘ತೂಕ = ತೂಕ ಆರ್ {}’ ಎಂದು ಬರೆ (‘ಆರ್’ ಅಂದರೆ ‘ಇಲ್ಲದಿದ್ದರೆ’), ಇದ್ದದ್ದು ಉಳಿಯುತ್ತದೆ. ಹಳೆಯ ಸಂದೇಶಗಳು ಆರ್ವೀವ್‌ನಲ್ಲಿ ಅಳಿಯದೆ ಇದ್ದುದರಿಂದ ಒಂದೊಂದನ್ನೇ ಹುಡುಕಿ ಮತ್ತೆ ತುಂಬಿದೆ. ಮುಗಿಯುವಾಗ ರಾತ್ರಿ ಎರಡು ಗಂಟೆ.

ಟ್ಯಾಗ್‌ನಲ್ಲಿ (ಸಂದೇಶಕ್ಕೆ ಅಂಟಿಸುವ ಹೆಸರು-ಮೌಲ್ಯದ ಚೀಟಿ) ಬರುವ ಅಂಕಿ ಅಕ್ಷರರೂಪದಲ್ಲಿರುತ್ತದೆ ಎಂಬುದನ್ನೂ ಮರೆಯಬೇಡ. ಹಾಗೆಯೇ ಹೋಲಿಸಿದರೆ 10ಕ್ಕಿಂತ 9 ದೊಡ್ಡದಾಗುತ್ತದೆ! ಮೊದಲು ‘ಟುನಂಬರ್’ ಬಳಸಿ ಸಂಖ್ಯೆಯಾಗಿಸು. ಎರಡು ಹ್ಯಾಂಡ್ಲರ್‌ಗಳಿಗೆ ಒಂದೇ ಹೆಸರಿಟ್ಟರೆ ಎರಡನೆಯದು ಸದ್ದಿಲ್ಲದೆ ಮೊದಲನೆಯದರ ಜಾಗದಲ್ಲಿ ಕೂರುತ್ತದೆ.

ಅಂಕೋಲಾದಿಂದ: ಅಕ್ಕ ಹೇಳಿದ್ದರ ಜೊತೆಗೆ ಕ್ರಮವನ್ನೂ ನೋಡಿ. ಹ್ಯಾಂಡ್ಲರ್‌ಗಳ ಪರೀಕ್ಷೆ ಮೇಲಿನಿಂದ ಕೆಳಗೆ ನಡೆಯುತ್ತದೆ. ನಿಯಮದಿಂದ 0 ಬಂದರೆ ಅದನ್ನು ಬಿಟ್ಟು ಮುಂದಿನದಕ್ಕೆ, 1 ಬಂದರೆ ಕೆಲಸ ಮುಗಿಸಿ ಮುಂದಿನದಕ್ಕೆ, -1 ಬಂದರೆ ಕೆಲಸ ಮುಗಿಸಿ ಅಲ್ಲಿಗೇ ನಿಲುಗಡೆ. ಎಲ್ಲ ಸಂದೇಶಗಳನ್ನೂ ದಾಖಲಿಸುವ ಹ್ಯಾಂಡ್ಲರನ್ನು ಮೊದಲಿಗಿಟ್ಟು -1 ಕೊಟ್ಟಿದ್ದೆ. ಅದರ ಕೆಳಗಿನವಕ್ಕೆ ಒಂದು ಸಂದೇಶವೂ ತಲುಪಲಿಲ್ಲ. ನಿಮ್ಮ ಯಾವ ಹ್ಯಾಂಡ್ಲರ್‌ಗೂ ಸಿಗದ ಸಂದೇಶ ಇನ್‌ಬಾಕ್ಸ್‌ಗೆ ಬೀಳುತ್ತದೆ. ಆಗಾಗ ಅಲ್ಲಿ ಇಣುಕಿ.

ಹೊನ್ನಾವರದಿಂದ: ಪ್ರೊಸೆಸ್‌ನ ವಿಳಾಸ ತಿಳಿದ ಯಾರು ಬೇಕಾದರೂ ಸಂದೇಶ ಕಳಿಸಬಹುದು. ‘ಫ್ರಮ್’ (ಕಳಿಸಿದವರ ವಿಳಾಸ) ನೋಡಿ, ನಿಮ್ಮವರೆಂದು ಖಚಿತವಾದ ಮೇಲೆಯೇ ಲೆಕ್ಕ ಮುಟ್ಟಲು ಬಿಡಿ.

ಕಾರವಾರದಿಂದ: ಅಕ್ಕಾ, ಈಗಷ್ಟೇ ನನ್ನ ಕಡತ ತೆರೆದೆ. ಮೊದಲ ಸಾಲು ‘ಮೀನು = {}’ ಎಂದೇ ಇದೆ. ಇವತ್ತಿನ ಬಂಗುಡೆಯ ಲೆಕ್ಕ ಬರುವ ಮೊದಲು ತಿದ್ದುತ್ತೇನೆ.