ಸಹಾಯ ಬೇಕು: ಸಾದ್ರಿ ಭಾಷೆ ಬಲ್ಲವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಇಗರ್ಜಿಯ ಸಮಿತಿಯಲ್ಲಿದ್ದೇನೆ. ಅಡಿಕೆ ತೋಟದ ಕೆಲಸಕ್ಕೆ ಜಾರ್ಖಂಡ್‌ನಿಂದ ಬಂದ ಆರು ಕುಟುಂಬಗಳು ಮಳೆಗಾಲದಿಂದ ನಮ್ಮ ಭಾನುವಾರದ ಪೂಜೆಗೆ ಬರುತ್ತಿವೆ. ಉರಾಂವ್ ಆದಿವಾಸಿಗಳು, ಮನೆಯೊಳಗೆ ಕುಡುಖ್, ಹೊರಗೆ ಸಾದ್ರಿ. ನಮ್ಮದು ಕನ್ನಡ, ಕೊಂಕಣಿ. ನಡುವೆ ಹರಕುಮುರುಕು ಹಿಂದಿ.

ಕೊನೆಯ ಬೆಂಚಿನಲ್ಲಿ ಕೂತು, ಪೂಜೆ ಮುಗಿದ ಕೂಡಲೇ ಹೊರಟುಬಿಡುತ್ತಿದ್ದರು. ಒಂದು ದಿನ ಅವರ ಹುಡುಗಿಯ ಕಾಲಿಗೆ ಉಂಬಳ ಹತ್ತಿ ರಕ್ತ ಸೋರುತ್ತಿತ್ತು. ನಮ್ಮ ಅಜ್ಜಿಯೊಬ್ಬರು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಎಲೆಯಡಿಕೆ ಸಂಚಿಯಿಂದ ಸುಣ್ಣ ತೆಗೆದು ಹಚ್ಚಿದರು. ಅವಳ ತಾಯಿ ನಕ್ಕದ್ದನ್ನು ಅಂದೇ ನೋಡಿದ್ದು. ಹಾಗೆಂದು ಪ್ರತಿ ವಾರ ಉಂಬಳವನ್ನೇ ನಂಬಿ ಕೂರಲಾಗದಲ್ಲ!

ಸಾದ್ರಿ ಬಲ್ಲವರು ಒಂದೆರಡು ಭಾನುವಾರ ಬಂದರೆ ಅವರ ಹಾಡೊಂದನ್ನು ನಮ್ಮ ಗಾಯನ ತಂಡಕ್ಕೆ ಕಲಿಸಬಹುದು. ಇನ್ನೊಂದು, ಜನನ ಪ್ರಮಾಣಪತ್ರ ಇಲ್ಲವೆಂದು ಇಬ್ಬರು ಮಕ್ಕಳನ್ನು ಶಾಲೆಯೊಂದರಿಂದ ವಾಪಸ್ ಕಳಿಸಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಜಗಳವಾಡದೆ ಇದನ್ನು ಹೇಳಬಲ್ಲ ನಿವೃತ್ತ ಮೇಷ್ಟ್ರು ಯಾರಾದರೂ ಜೊತೆಗೆ ಬರುತ್ತೀರಾ? ಅವರ ಊರಿನ ಪಡಿತರ ಚೀಟಿಯಲ್ಲಿ ಇಲ್ಲಿ ಅಕ್ಕಿ ಪಡೆಯುವ ಕ್ರಮ ತಿಳಿದವರೂ ಬೇಕು.

‘ಹೊರಗಿನವರು’ ಎಂದು ಗೊಣಗುವವರು ನಮ್ಮಲ್ಲೂ ಇದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯುವ ಹೊತ್ತಿಗೆ ಮುಳುಗಡೆಯಿಂದ ಊರು ಬಿಟ್ಟುಬಂದವರ ಮೊಮ್ಮಕ್ಕಳೂ ಅದೇ ಬೆಂಚುಗಳಲ್ಲಿ ಕೂರುತ್ತಾರೆ.

ಹಳೆಬಟ್ಟೆಯ ಮೂಟೆ ದಯವಿಟ್ಟು ಬೇಡ. ಚಳಿಗೆ ಹೊಸ ಕಂಬಳಿಯಾದರೆ ಹನ್ನೆರಡು ಸಾಕು. ಬರಬಲ್ಲವರು ಇಲ್ಲೇ ತಿಳಿಸಿ.