ನಾಗರಹಾವು ಮೊದಲ ಸಲ ನೋಡಿದೆ, ಚಾಮಯ್ಯ ಮೇಷ್ಟ್ರ ಮೇಲೆ ಕೋಪ ಬಂತು. ನನಗೆ ಮಾತ್ರಾನಾ?

ತಿಪಟೂರಿನವಳು:

ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡಿ. ನನಗೆ 29 ವರ್ಷ. ‘ನಾಗರಹಾವು’ ಸಿನಿಮಾವನ್ನು ಪೂರ್ತಿಯಾಗಿ ನೋಡಿದ್ದು ಈ ಸಂಕ್ರಾಂತಿಗೆ ಊರಿಗೆ ಹೋದಾಗಲೇ. ಅಲ್ಲಿವರೆಗೆ ಆ ಸಿನಿಮಾ ಅಂದ್ರೆ ನನಗೆ ಮೂರೇ ಸಂಗತಿ. ಗಣೇಶನ ಪೆಂಡಾಲ್‌ನಲ್ಲಿ ಆರ್ಕೆಸ್ಟ್ರಾದವರು ತಪ್ಪದೆ ಹಾಡುವ ‘ಹಾವಿನ ದ್ವೇಷ’. ಐದನೇ ಕ್ಲಾಸಿನಲ್ಲಿದ್ದಾಗ ನವೆಂಬರ್ ಒಂದಕ್ಕೆ, ಅಮ್ಮನ ಲಟ್ಟಣಿಗೆಗೆ ರಟ್ಟು ಸುತ್ತಿ ಒನಕೆ ಮಾಡಿಕೊಂಡು ನಾನು ಕುಣಿದ ಓಬವ್ವನ ಹಾಡು. ಆಮೇಲೆ ವಾಟ್ಸಾಪ್‌ನಲ್ಲಿ ಸ್ಟಿಕ್ಕರ್ ಆಗಿ ಓಡಾಡುವ ಅಂಬರೀಶ್ ಅವರ ‘ಬುಲ್ ಬುಲ್ ಮಾತಾಡಕಿಲ್ವಾ’. ಇಷ್ಟು ಗೊತ್ತಿದ್ದಕ್ಕೆ ಸಿನಿಮಾನೇ ನೋಡಿದ್ದೇನೆ ಅಂದುಕೊಂಡಿದ್ದೆ.

ಹಬ್ಬದ ಮಾರನೇ ದಿನ ಮಧ್ಯಾಹ್ನ ಅಪ್ಪನೇ ಯೂಟ್ಯೂಬ್‌ನಲ್ಲಿ ಹಾಕಿಸಿದರು. ಅಪ್ಪ ಹೈಸ್ಕೂಲ್ ಮೇಷ್ಟ್ರು, ರಿಟೈರ್ ಆಗಿ ನಾಲ್ಕು ವರ್ಷ ಆಯಿತು. ಅಮ್ಮ ನೆಲದ ಮೇಲೆ ಪೇಪರ್ ಹರಡಿಕೊಂಡು ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರು. ನಾನೂ ಒಂದು ಬಟ್ಟಲು ಎಳೆದುಕೊಂಡೆ.

ಮೊದಲ ಪೆಟ್ಟು ಕೊಟ್ಟಿದ್ದು ಆ ‘ಬುಲ್ ಬುಲ್’ ಮಾತೇ. ಜಲೀಲ ಅದನ್ನು ಹೇಳುವುದು ತನ್ನ ಪಾಡಿಗೆ ತಾನು ಹೋಗುತ್ತಿರುವ ಅಲಮೇಲುಗೆ. ಬೀದಿಯಲ್ಲಿ ಹುಡುಗಿಯನ್ನು ಕಾಡುವ ಮಾತದು, ತಮಾಷೆ ಅಲ್ಲವೇ ಅಲ್ಲ. ಆ ಸ್ಟಿಕ್ಕರನ್ನು ಆಫೀಸಿನ ಗ್ರೂಪಿಗೆ ಎಷ್ಟು ಸಲ ಹಾಕಿದ್ದೇನೋ! ಒಂಥರಾ ಆಯಿತು.

ಅದಿರಲಿ, ಮುಖ್ಯ ವಿಷಯ ಅದಲ್ಲ. ಅಶ್ವಥ್ ಅವರು ಚಾಮಯ್ಯ ಮೇಷ್ಟ್ರಾಗಿ ತೆರೆಗೆ ಬಂದ ತಕ್ಷಣ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಊರಿಗೆಲ್ಲ ಬೇಡವಾದ ಹುಡುಗ ರಾಮಾಚಾರಿ ಇವರೊಬ್ಬರ ಮುಂದೆ ಹಾವಾಡಿಗನ ಮುಂದಿನ ಹಾವಿನ ಥರ ಹೆಡೆ ತಗ್ಗಿಸುತ್ತಾನೆ. ವಿಷ್ಣುವರ್ಧನ್ ‘ಮೇಷ್ಟ್ರೇ’ ಅಂದಾಗ ಆ ಗಂಟಲು ಹೇಗೆ ಮೆತ್ತಗಾಗುತ್ತೆ ಕೇಳಿದ್ದೀರಾ? ಅಲ್ಲಿಯವರೆಗೆ ಉರಿಯುತ್ತಿದ್ದ ಕಣ್ಣು ಅದೇ ಉಸಿರಿನಲ್ಲಿ ಆರಿಬಿಡುತ್ತೆ. ಆಗ ಅವರಿಗೆ 22 ವರ್ಷ, ಹೀರೋ ಆಗಿ ಮೊದಲ ಸಿನಿಮಾ. ಇಲ್ಲಿವರೆಗೆ ನಾನೂ ಅಪ್ಪನೂ ಒಂದೇ ಪಾರ್ಟಿ.

ಆಮೇಲೆ ಮೇಷ್ಟ್ರು, ಅವನು ಪ್ರೀತಿಸುವ ಅಲಮೇಲುನ ಮರೆತುಬಿಡು ಅನ್ನುತ್ತಾರೆ. ಜಾತಿ ಬೇರೆ, ಹುಡುಗಿ ಮನೆಯವರ ಮಾನ, ತ್ಯಾಗ ಅದೂ ಇದೂ. ಇವನು ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಬಿಟ್ಟುಕೊಡುತ್ತಾನೆ. ಮುಂದೆ ಅದೇ ಅಲಮೇಲು ಹೋಟೆಲಿನಲ್ಲಿ ಸಿಗುತ್ತಾಳೆ. ಕಟ್ಟಿಕೊಂಡವನೇ ಅವಳನ್ನು ಆ ದಂಧೆಗೆ ತಳ್ಳಿರುತ್ತಾನೆ. ನನಗೆ ತಡೆಯಲಾಗಲಿಲ್ಲ. “ಈ ಮೇಷ್ಟ್ರಿಗೆ ಬೇರೆ ಕೆಲಸ ಇರ್ಲಿಲ್ವಾ? ಅವರಿವರ ಮನೆ ಹುಡುಗಿ ಬಾಳಿಗೆ ಇವರ್ಯಾಕೆ ಕೈ ಹಾಕಬೇಕಿತ್ತು?” ಅಂದುಬಿಟ್ಟೆ.

ಅಪ್ಪ ಸಿನಿಮಾ ನಿಲ್ಲಿಸಿದರು. “ಅವರು ಒಳ್ಳೇದಕ್ಕೇ ಹೇಳಿದ್ದು” ಅಂದರು. “ಒಳ್ಳೇದು ಯಾರಿಗಾಯ್ತು, ತೋರಿಸಿ” ಅಂದೆ. ಮತ್ತೆ ಹಾಕಿದರು, ಕೊನೆತನಕ ನೋಡಿದೆವು, ಒಬ್ಬರೂ ಮಾತಾಡಲಿಲ್ಲ. ಮುಗಿದ ಮೇಲೆ ಅಪ್ಪ ಎದ್ದು ಜಗಲಿಗೆ ಹೋದರು. ಸಂಜೆ ಕಾಫಿಯನ್ನೂ ಅಲ್ಲೇ ತರಿಸಿಕೊಂಡರು.

ನನ್ನ ಪ್ರಶ್ನೆ ಇಷ್ಟೇ. ದೊಡ್ಡವರಾದ ಮೇಲೆ ಮೊದಲ ಸಲ ಈ ಸಿನಿಮಾ ನೋಡಿದವರಿಗೆ ಹೀಗೇ ಅನಿಸಿತಾ? ಅಥವಾ 1972ರ ಸಿನಿಮಾನ ಇವತ್ತು ಕೂತು ತೂಗುತ್ತಿರುವುದು ನನ್ನದೇ ತಪ್ಪಾ?

ಗಾಂಧಿಕ್ಲಾಸ್:

ತಂಗೀ, ನಿನಗೆ ಯಾರೂ ಬೈಯಲ್ಲ. ನಾನು ಇದನ್ನು ನೋಡಿದ್ದು ಹತ್ತನೇ ವಯಸ್ಸಿನಲ್ಲಿ, ಚನ್ನರಾಯಪಟ್ಟಣದ ಕಡೆ ನಮ್ಮಜ್ಜಿ ಊರಿಗೆ ಬಂದಿದ್ದ ಟೂರಿಂಗ್ ಟಾಕೀಸಿನಲ್ಲಿ. ಬೆಂಗಳೂರಿಗೆ 1972ರ ಡಿಸೆಂಬರ್ ಕೊನೆಗೆ ಬಂದ ಸಿನಿಮಾ ನಮ್ಮ ಟೆಂಟಿಗೆ ಬರೋ ಹೊತ್ತಿಗೆ ಅಡಿಕೆ ಕೊಯ್ಲು ಎರಡು ಆಗಿಹೋಗಿತ್ತು. ‘ನಮೋ ವೆಂಕಟೇಶ’ ಹಾಡು ಹಾಕಿದರು ಅಂದ್ರೆ ಟಿಕೆಟ್ ಕೊಡ್ತಾರೆ ಅಂತ ಅರ್ಥ, ಹೊಲದಿಂದ ಹಾಗೇ ಓಡೋರು. ನೆಲದ ಮೇಲೆ ಮರಳು. ಮುಂದೆ ಕೂತವನ ತಲೆ ಅಡ್ಡ ಬಂದ್ರೆ ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರೋದು. ಒಂದೇ ಪ್ರೊಜೆಕ್ಟರ್, ರೀಲು ಬದಲಾಯಿಸುವಾಗಲೆಲ್ಲ ಇಂಟರ್ವಲ್ಲು.

ಆಗ ನಮಗೆ ಕಂಡಿದ್ದು ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿಹಾಕಿದ್ದು ಮಾತ್ರ. ಅದು ನಮ್ಮ ಹಬ್ಬ. ‘ಬಾರೇ ಬಾರೇ’ ಹಾಡು ಪೂರ್ತಿ ಸ್ಲೋ ಮೋಷನ್ ಅಲ್ವಾ, ನಮಗೆ ಅದೆಲ್ಲ ಏನು ಗೊತ್ತು? ಮಷಿನ್ ಕೆಟ್ಟಿದೆ ಅಂತ ಹಿಂದೆ ತಿರುಗಿ ಆಪರೇಟರ್‌ಗೆ ಬೈದಿದ್ದೇ ಬೈದಿದ್ದು. ಡೈರೆಕ್ಟರ್ ಪುಟ್ಟಣ್ಣನವರು ಕೇಳಿಸಿಕೊಂಡಿದ್ರೆ ಏನಂದುಕೊಳ್ಳುತ್ತಿದ್ದರೋ.

ಮೇಷ್ಟ್ರ ವಿಷಯಕ್ಕೆ ಬರ್ತೀನಿ. ನಿಮ್ಮಪ್ಪನಿಗೆ ಜಾಸ್ತಿ ಅನ್ನಬೇಡಮ್ಮ. ನಮ್ಮ ಕಾಲದಲ್ಲಿ ಊರಿನ ಮೇಷ್ಟ್ರು ಅಂದ್ರೆ ಪಾಠ ಹೇಳೋನು ಮಾತ್ರ ಅಲ್ಲ. ಆಸ್ತಿ ಪಾಲಿಗೂ ಅವರೇ, ಮದುವೆ ಮಾತಿಗೂ ಅವರೇ, ಕಾಗದ ಓದಿ ಹೇಳೋದಕ್ಕೂ ಅವರೇ. ಕರೆದರೆ ಹೋಗದೆ ಇರೋಕಾಗ್ತಿರಲಿಲ್ಲ. ಚಾಮಯ್ಯ ತಾವಾಗೇ ಕೈ ಹಾಕಿದ್ದಲ್ಲ, ಜನ ಅವರ ಕೈ ಹಿಡಿದು ಎಳೆದಿದ್ದು.

ಬಿಸಿಬೋಂಡ:

ನಾನು ನೋಡಿದ್ದು 2018ರಲ್ಲಿ. ಸೌಂಡ್ ಎಲ್ಲಾ ಹೊಸದಾಗಿ ಮಾಡಿ ಜುಲೈನಲ್ಲಿ ಮತ್ತೆ ಥಿಯೇಟರಿಗೆ ಬಿಟ್ಟಿದ್ದರಲ್ಲ, ಆಗ. ಜನ ಸಿನಿಮಾ ನೋಡಲಿಲ್ಲ, ಪಾರಾಯಣ ಮಾಡಿದರು. ಒಂದೊಂದು ಡೈಲಾಗನ್ನೂ ಪರದೆಗಿಂತ ಮೊದಲು ಅವರೇ ಹೇಳಿ ಮುಗಿಸೋರು. ಅಶ್ವಥ್ ಏನಂದರು ಅನ್ನೋದು ನನಗೆ ಅರ್ಧ ಕೇಳಿಸಲೇ ಇಲ್ಲ. ‘ಬುಲ್ ಬುಲ್’ಗೆ ಸೀಟಿ ಹೊಡೆದವರಲ್ಲಿ ನಾನೂ ಒಬ್ಬ. ನಿಮ್ಮ ಪೋಸ್ಟ್ ಓದಿದ ಮೇಲೆ ಸ್ವಲ್ಪ ಪೆಚ್ಚಾಯಿತು.

ಆದರೆ ನನ್ನ ಪ್ರಕಾರ ಮೇಷ್ಟ್ರಿಗಿಂತ ರಾಮಾಚಾರಿನೇ ದೊಡ್ಡ ತಲೆನೋವು. ಕಾಪಿ ಹೊಡೆದು ಸಿಕ್ಕಿಬಿದ್ದಿದ್ದಕ್ಕೆ ಪ್ರಿನ್ಸಿಪಾಲರಿಗೆ ಆ ಗತಿ ಕಾಣಿಸೋದು ಯಾವ ನ್ಯಾಯ ಸ್ವಾಮಿ? ಇವತ್ತಾದರೆ ಎಫ್‌ಐಆರ್. ವಿಷ್ಣು ದಾದಾ ಅಂತ ನಾವು ಮಾಫಿ ಮಾಡಿಬಿಟ್ಟಿದ್ದೇವೆ ಅಷ್ಟೇ. ಪಕ್ಕದ ಮನೆ ಹುಡುಗ ಹಾಗೆ ಮಾಡಿದ್ದರೆ ಗೇಟಿಗೆ ಬೀಗ ಹಾಕಿಕೊಳ್ಳುತ್ತಿದ್ದೆವು.

ಕೋಟೆಕಲ್ಲು:

ಈ ಕಥೆ ನಡೆಯೋ ಚಿತ್ರದುರ್ಗದವನು ನಾನು, ಸುಮ್ನೆ ಹೇಗಿರಲಿ?

ಇದು ತರಾಸು ಅವರ ಮೂರು ಕಾದಂಬರಿ ಸೇರಿ ಆದ ಸಿನಿಮಾ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಸಿನಿಮಾ ಬಂದ ಮೇಲೆ ತರಾಸು ಅವರಿಗೆ ಹಿಡಿಸಲಿಲ್ಲ, ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂದಿದ್ದರು ಅನ್ನುವ ಮಾತು ನಮ್ಮೂರಲ್ಲಿ ಎಲ್ಲರ ಬಾಯಲ್ಲಿದೆ. ಪುಸ್ತಕ ಓದಿದವರಿಗೆ ಆ ಸಿಟ್ಟು ಯಾಕೆ ಅಂತ ಅರ್ಥ ಆಗುತ್ತೆ. ಅಶ್ವಥ್ ಅವರ ಮುಖದಲ್ಲಿ ಎಷ್ಟು ಕರುಣೆ ಇದೆ ಅಂದ್ರೆ, ಕಥೆಯ ವಿಷ ಅರ್ಧ ಅಲ್ಲೇ ಇಳಿದುಹೋಗುತ್ತೆ.

ಹಾಗಂತ ಪುಟ್ಟಣ್ಣ ಮೇಷ್ಟ್ರನ್ನು ಸುಮ್ಮನೆ ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಹೋಟೆಲಿನಲ್ಲಿ ಅಲಮೇಲು ಸಿಕ್ಕ ಮೇಲಿನ ರಾಮಾಚಾರಿಯನ್ನು ಗಮನಿಸಿ. ಮೇಷ್ಟ್ರ ಮಾತೂ ತಪ್ಪಾಗಬಹುದು ಅಂತ ಅವನಿಗೆ ಮೊದಲ ಸಲ ಹೊಳೆಯೋದೇ ಅಲ್ಲಿ. ಅದಕ್ಕೇ ಆಮೇಲೆ ಅವನು ಪ್ರೀತಿಸಿದ ಮಾರ್ಗರೇಟ್ ವಿಷಯಕ್ಕೆ ಮೇಷ್ಟ್ರು ಮತ್ತೆ ಅಡ್ಡ ಬಂದಾಗ ಅವನು ಹಳೇ ರಾಮಾಚಾರಿ ಆಗಿರಲ್ಲ. ಅಂದ್ರೆ ನಿಮಗೆ ಬಂದ ಕೋಪ ಸಿನಿಮಾದ ಒಳಗೇ ಇದೆ, ನೀವು ಹೊರಗಿನಿಂದ ತಂದಿದ್ದಲ್ಲ. 1972ರಲ್ಲೇ ಒಬ್ಬರು ಕೇಳಿದ ಪ್ರಶ್ನೆ ಅದು. ಜನ ಮೇಷ್ಟ್ರಿಗೆ ಅಳುವ ಭರದಲ್ಲಿ ಅದನ್ನು ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ಮಾತು. ಸಾಧ್ಯ ಆದ್ರೆ ಒಮ್ಮೆ ಕೋಟೆಗೆ ಬನ್ನಿ. ಫೆಬ್ರವರಿ ದಾಟಿದ ಮೇಲೆ ಮಾತ್ರ ಬೇಡ, ಮಧ್ಯಾಹ್ನ ಬಂಡೆ ಮೇಲೆ ಬರಿಗಾಲಿಡೋಕಾಗಲ್ಲ. ಆ ಕಾದ ಕಲ್ಲಿನ ಮೇಲೆ ಹತ್ತು ನಿಮಿಷ ಕೂತರೆ ರಾಮಾಚಾರಿಗೆ ಅಷ್ಟು ಕೋಪ ಎಲ್ಲಿಂದ ಬರ್ತಿತ್ತು ಅಂತ ಗೊತ್ತಾಗುತ್ತೆ. ಓಬವ್ವನ ಕಿಂಡಿ ಹತ್ತಿರ ಬಂದವರೆಲ್ಲ ನುಸುಳಿ ಫೋಟೋ ತೆಗೆಸಿಕೊಳ್ಳುತ್ತಾರೆ. ನುಸುಳೋದು ಹೈದರಾಲಿ ಕಡೆಯವರು ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. ಒನಕೆ ಹಿಡಿದು ಕೋಟೆ ಒಳಗಡೆ ನಿಲ್ಲೋರು ಯಾರೂ ಇಲ್ಲ.

ಬಿಸಿಬೋಂಡ:

ಕೋಟೆಕಲ್ಲು ಅವರೇ, ಹಿಂದಿಗೂ ಇದನ್ನ ಪುಟ್ಟಣ್ಣನವರೇ ಮಾಡಿದ್ದು ಅಲ್ವಾ? ರಿಷಿ ಕಪೂರ್ ಹೀರೋ. ಸಿನಿಮಾ ಓಡಲಿಲ್ಲ, ‘ಓ ಹಂಸಿನಿ’ ಹಾಡು ಮಾತ್ರ ಉಳಿದುಕೊಂಡಿತು.

ಕೋಟೆಕಲ್ಲು:

ಹೌದು, 1974. ಜಲೀಲ ಅಲ್ಲೂ ಅಂಬರೀಶೇ.

ತಿಪಟೂರಿನವಳು:

ಎಲ್ಲರಿಗೂ ಥ್ಯಾಂಕ್ಸ್. ಗಾಂಧಿಕ್ಲಾಸ್ ಅಂಕಲ್, ನಿಮ್ಮ ಆಪರೇಟರ್ ಕಥೆ ಫೋನಿನಲ್ಲಿ ಓದಿ ಹೇಳಿದೆ, ಅಪ್ಪ ನಕ್ಕರು. ಹಬ್ಬ ಆದ ಮೇಲೆ ನಕ್ಕಿದ್ದು ಅದೇ ಮೊದಲು ಅನಿಸುತ್ತೆ.

ಮೊದಲ ಪೋಸ್ಟಿನಲ್ಲಿ ಒಂದು ವಿಷಯ ಬರೆದಿರಲಿಲ್ಲ. ನಮ್ಮ ದೊಡ್ಡಪ್ಪನ ಮಗಳು, ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಡಿಗ್ರಿ ಓದುವಾಗ ಒಬ್ಬ ಹುಡುಗನನ್ನು ಇಷ್ಟಪಟ್ಟಿದ್ದಳು. ಮನೆಯವರು ಹೊಡೆದರು, ಊಟ ಬಿಟ್ಟರು, ಅವಳು ಜಗ್ಗಲಿಲ್ಲ. ಕೊನೆಗೆ ಅಪ್ಪನನ್ನು ಕರೆಸಿದರು. ಹೈಸ್ಕೂಲಿನಲ್ಲಿ ಅವಳಿಗೆ ಗಣಿತ ಹೇಳಿಕೊಟ್ಟವರು ಅಪ್ಪನೇ, ಅವರ ಮಾತು ಅಂದ್ರೆ ಅವಳಿಗೆ ವೇದವಾಕ್ಯ. ಸಂಜೆ ಅಪ್ಪ ಅವಳನ್ನು ಕೆರೆ ಏರಿ ಮೇಲೆ ಕರೆದುಕೊಂಡು ಹೋದರು. ನಾನೂ ಬರ್ತೀನಿ ಅಂತ ಅತ್ತೆ, ಬಿಟ್ಟು ಹೋದರು. ಒಂದು ಗಂಟೆ ಆದ ಮೇಲೆ ಇಬ್ಬರೂ ವಾಪಸ್ ಬಂದರು. ಅಕ್ಕ ಆಯ್ತು ಅಂದಳು. ಏರಿ ಮೇಲೆ ಅಪ್ಪ ಏನು ಹೇಳಿದರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಅಲಮೇಲುಗೆ ಆದಂಥದ್ದು ಏನೂ ಆಗಿಲ್ಲ, ದೇವರ ದಯೆ. ಅಕ್ಕ ಮೈಸೂರಿನಲ್ಲಿದ್ದಾಳೆ, ಭಾವ ಒಳ್ಳೆಯವರು, ಇಬ್ಬರು ಮಕ್ಕಳು. ಆದರೆ ನಮ್ಮ ಮನೆಗೆ ಬಂದಾಗ ಅಪ್ಪ ಹಾಲ್‌ನಲ್ಲಿದ್ದರೆ ಅವಳು ಅಡುಗೆಮನೆಯಲ್ಲಿರುತ್ತಾಳೆ. ಅಪ್ಪ ನೀರು ಕುಡಿಯೋಕೆ ಅಡುಗೆಮನೆಗೆ ಬಂದರೆ ಅವಳು ಹಿತ್ತಿಲಿಗೆ ಹೋಗಿ ಬಟ್ಟೆ ತೆಗೆಯುತ್ತಾಳೆ. ಇಷ್ಟು ವರ್ಷ ಇದನ್ನು ನಾನು ಗೌರವ ಅಂದುಕೊಂಡಿದ್ದೆ.

ಹೋದ ಭಾನುವಾರ ಅಪ್ಪನೇ ಫೋನ್ ಮಾಡಿದರು. ಊಟ ಆಯ್ತಾ, ಆಫೀಸು ಹೇಗಿದೆ ಎಲ್ಲಾ ಆಯಿತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊನೇಲಿ ರಾಮಾಚಾರಿ ಮೇಷ್ಟ್ರನ್ನ ಬೆಟ್ಟದಿಂದ ಬೇಕು ಅಂತ ತಳ್ಳಲಿಲ್ಲ, ಅಲ್ವೇನೇ?” ಅಂದರು.

“ಇಲ್ಲಪ್ಪ, ಕೈತಪ್ಪಿ ಆಗಿದ್ದು” ಅಂದೆ.

“ಹ್ಞೂಂ. ನಂಗೂ ಹಂಗೇ ಅನಿಸ್ತು.”

ಫೋನನ್ನು ಅಮ್ಮನಿಗೆ ಕೊಟ್ಟರು. ಸಿನಿಮಾ ಓಡುವಾಗ ಮೂರು ಗಂಟೆ ಒಂದು ಮಾತೂ ಆಡದೆ ಅವರೆಕಾಳು ಹಿದುಕಿದ ಅಮ್ಮ ಹೇಳಿದ್ದು ಇದು: “ಅಪ್ಪ ಮಗಳಿಬ್ಬರಿಗೂ ಮೇಷ್ಟ್ರದ್ದೇ ಚಿಂತೆ. ಮಕ್ಕಳಿಲ್ಲದ ಆ ತುಂಗಮ್ಮ ಇನ್ನು ಒಬ್ಬಳೇ ಅನ್ನ ಮಾಡ್ಕೊಂಡು ಉಣ್ಣಬೇಕಲ್ಲೇ. ಅದು ನಿಮ್ಮಿಬ್ಬರ ತಲೆಗೂ ಹೋಗಲಿಲ್ಲ.” ನಿಜವಾಗಿಯೂ ಹೋಗಿರಲಿಲ್ಲ. ಮೇಷ್ಟ್ರ ಹೆಂಡತಿಯಾಗಿ ಲೀಲಾವತಿ ಅವರು ಮಾಡಿದ್ದಾರೆ ಅಂತ ನಾನು ಬರೆಯೋದನ್ನೂ ಮರೆತಿದ್ದೆ, ಮೇಲೆ ನೋಡಿ.

ಮುಂದಿನ ಶನಿವಾರ ಮತ್ತೆ ಊರಿಗೆ ಹೋಗುತ್ತಿದ್ದೇನೆ. ಕಲ್ಪನಾ ಮಾಡಿರುವ ಪುಟ್ಟಣ್ಣನವರ ‘ಶರಪಂಜರ’ವನ್ನೂ ನೋಡಿಲ್ಲ ಅಂದಿದ್ದಕ್ಕೆ ಅಮ್ಮ ಹಣೆ ಚಚ್ಚಿಕೊಂಡರು. ಅಪ್ಪನ ಜೊತೆ ಕೂತು ನೋಡಬಹುದಾ? ಇಲ್ಲಾ ಮತ್ತೆ ಜಗಲಿ ಕಾಫಿ ಆಗುತ್ತಾ?

ಗಾಂಧಿಕ್ಲಾಸ್:

ಮೂರೂ ಜನ ಕೂತು ನೋಡಿ. ಕಲ್ಪನಾ ಮುಂದೆ ನಿಮ್ಮಪ್ಪ ಮಾತಾಡಲ್ಲ, ಗ್ಯಾರಂಟಿ. ಆದರೆ ಅವತ್ತು ಅವರೆಕಾಳಿನ ಬಟ್ಟಲು ಅವರ ಮುಂದೆ ಇಡಿ. ನಿಮ್ಮಮ್ಮ ಸುಮ್ನೆ ಕುರ್ಚಿ ಮೇಲೆ ಕೂತ್ಕೊಂಡು ನೋಡ್ಲಿ.