ಕಂಬಳದಲ್ಲಿ ಫೋಕಸ್ ಕೋಣ ಬಿಟ್ಟು ನೀರಿನ ಮೇಲೆ ಹೋಗುತ್ತಿದೆ: ಲೆನ್ಸ್ ದೋಷವೇ, ಸೆಟ್ಟಿಂಗ್ ತಪ್ಪೇ?

ಪ್ರಶ್ನೆ

ಕ್ಯಾಮೆರಾ ಕ್ಯಾನನ್ 7ಡಿ ಮಾರ್ಕ್ 2, ಲೆನ್ಸ್ 70-200 ಎಫ್/2.8. ಮಂಜೊಟ್ಟಿಯ (ಓಟ ಮುಗಿದು ಕೋಣ ಮೇಲೆ ಹತ್ತುವ ಜಾಗ) ಪಕ್ಕದಲ್ಲಿ ನಿಂತು, ಎದುರಿಗೆ ಓಡಿ ಬರುವ ಕೋಣಗಳ ಫೋಟೊ ತೆಗೆಯಬೇಕು. ಈಗಿನ ಸೆಟ್ಟಿಂಗ್: ಎಐ ಸರ್ವೋ (ಚಲಿಸುವ ವಸ್ತುವಿಗೆ ಫೋಕಸ್ ಬದಲಿಸುತ್ತಲೇ ಇರುವ ವಿಧಾನ), 65 ಪಾಯಿಂಟ್ ಆಟೋ, ಕೇಸ್ 1 (ಹಿಂಬಾಲಿಸುವ ರೀತಿಗೆ ಕ್ಯಾಮೆರಾದಲ್ಲೇ ಇರುವ ಸಿದ್ಧ ಸೆಟ್ಟಿಂಗುಗಳಲ್ಲಿ ಮೊದಲನೆಯದು), ಎಫ್/2.8, 1/500. ಮೊದಲ ನಾಲ್ಕೈದು ಫ್ರೇಮ್ ಚೆನ್ನಾಗಿ ಬರುತ್ತವೆ. ಆಮೇಲೆ ನೀರಿನ ಹನಿ ಶಾರ್ಪ್, ಕೋಣದ ಮುಖ ಮಸುಕು. ಕೆಲವದರಲ್ಲಿ ಹಿಂದಿನ ಜನ ಶಾರ್ಪ್. ಹತ್ತಿರ ಬಂದಷ್ಟೂ ಹೆಚ್ಚು ಕೆಡುತ್ತದೆ. ರಾತ್ರಿ ಫ್ಲಡ್‌ಲೈಟಿನಲ್ಲಿ ಇನ್ನೂ ಕಷ್ಟ. ಸರ್ವಿಸಿಗೆ ಕೊಡಬೇಕೇ?

ಉತ್ತರ 1

ಸರ್ವಿಸಿಗೆ ಓಡಬೇಡಿ. ಮೊದಲು ಕೆಟ್ಟ ಫ್ರೇಮುಗಳನ್ನು 100% ದೊಡ್ಡದು ಮಾಡಿ ನೋಡಿ. ಚಿತ್ರದಲ್ಲಿ ಬೇರೆಲ್ಲಾದರೂ ಏನಾದರೂ ಶಾರ್ಪ್ ಇದ್ದರೆ ಅದು ಫೋಕಸ್ ತಪ್ಪು. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅದು ಕೈ ಅಲುಗಾಟ ಅಥವಾ ಶಟರ್ ಸಾಲದಿರುವುದು. ನಿಮ್ಮದರಲ್ಲಿ ನೀರು ಶಾರ್ಪ್ ಇದೆ ಎಂದ ಮೇಲೆ ಫೋಕಸೇ.

ಕಾರಣ 65 ಪಾಯಿಂಟ್ ಆಟೋ. ಅದರಲ್ಲಿ ಫೋಕಸ್ ಪಾಯಿಂಟನ್ನು ಆರಿಸುವುದು ಕ್ಯಾಮೆರಾವೇ, ಅದು ಕಾಂಟ್ರಾಸ್ಟ್ ಹೆಚ್ಚಿರುವ, ಹತ್ತಿರದ ವಸ್ತುವಿನತ್ತ ಹೋಗುತ್ತದೆ. ಕಪ್ಪು ಕೋಣದ ಒದ್ದೆ ಮೈಗಿಂತ ಬಿಸಿಲಿಗೆ ಹೊಳೆಯುವ ಬಿಳಿ ಹನಿ ಅದಕ್ಕೆ ಸುಲಭದ ತುತ್ತು. ಪಾಯಿಂಟ್ ವಿಸ್ತರಣೆ (ನಡುವಿನದ್ದು, ಸುತ್ತ ನಾಲ್ಕು) ಇಟ್ಟು, ಒಂದು ಕೋಣದ ಕೊಂಬು ಮತ್ತು ಹಣೆ ಸೇರುವ ಜಾಗಕ್ಕೆ ಹಿಡಿಯಿರಿ. ಅಲ್ಲಿ ಅಂಚು ಇದೆ. ನುಣುಪಾದ ಮೈಯಲ್ಲಿ ಸೆನ್ಸರಿಗೆ ಹಿಡಿಯಲು ಏನೂ ಸಿಗದು.

ಕೇಸ್ 1 ಬಿಟ್ಟು ಕೇಸ್ 2ಕ್ಕೆ ಹೋಗಿ. ಅಡ್ಡ ಬಂದದ್ದನ್ನು ಲೆಕ್ಕಿಸದೆ ಹಿಡಿದ ವಸ್ತುವನ್ನೇ ಹಿಂಬಾಲಿಸಲು ಇರುವುದು ಅದು. ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಅದರಲ್ಲಿ -1 ಇರುತ್ತದೆ, ನೀರು ಹೆಚ್ಚಿದ್ದರೆ -2 ಮಾಡಿ. ಇದಕ್ಕೊಂದು ಬೆಲೆ ಇದೆ: ಆರಂಭದಲ್ಲೇ ಹನಿಯನ್ನು ಹಿಡಿದುಬಿಟ್ಟರೆ ಕ್ಯಾಮೆರಾ ಹನಿಗೇ ಅಂಟಿಕೊಳ್ಳುತ್ತದೆ. ಹಾಗಾದರೆ ಎಎಫ್-ಆನ್ (ಹಿಂದೆ ಹೆಬ್ಬೆರಳಿಗೆ ಸಿಗುವ ಫೋಕಸ್ ಬಟನ್) ಬಿಟ್ಟು ಮತ್ತೆ ಒತ್ತಬೇಕು, ಕಾಯಬಾರದು. ಫೋಕಸನ್ನು ಶಟರ್ ಬಟನ್ನಿನಿಂದ ತೆಗೆದು ಎಎಫ್-ಆನ್‌ಗೆ ಕೊಡುವುದು ಇದಕ್ಕೇ. ಕೋಣ ದೂರವಿರುವಾಗಲೇ, ಅಂದರೆ ಕ್ಲಿಕ್ಕಿಗೆ ಒಂದು ಸೆಕೆಂಡ್ ಮೊದಲೇ, ಹೆಬ್ಬೆರಳು ಒತ್ತಿಟ್ಟುಕೊಳ್ಳಿ. ವೇಗ ಲೆಕ್ಕ ಹಾಕಲು ಕ್ಯಾಮೆರಾಗೆ ಅಷ್ಟು ಸಮಯ ಬೇಕು.

ಎಐ ಸರ್ವೋ ಮೊದಲ ಮತ್ತು ಎರಡನೇ ಇಮೇಜ್ ಆದ್ಯತೆ (ಕ್ಲಿಕ್ಕಿಗೆ ವೇಗ ಮುಖ್ಯವೋ ಫೋಕಸ್ ಮುಖ್ಯವೋ ಎಂಬ ಆಯ್ಕೆ) ಎರಡೂ ಫೋಕಸ್ ಕಡೆಗೆ ಇಡಿ. ಫ್ರೇಮ್ ಸ್ವಲ್ಪ ಕಡಿಮೆ ಬರಬಹುದು, ಬಂದದ್ದು ಉಪಯೋಗಕ್ಕೆ ಬರುತ್ತದೆ. ಶಟರ್ 1/1600. ಲೆನ್ಸಿನ ಮೇಲೆ ಹತ್ತಿರದ ಫೋಕಸ್ ತಡೆಯುವ ಸ್ವಿಚ್ ಇದ್ದರೆ ಹಾಕಿ.

ಉತ್ತರ 2

ಮೇಲಿನದೆಲ್ಲ ಸರಿ, ಆದರೆ ಅರ್ಧ ತೊಂದರೆ ಆಟೋಫೋಕಸಿನದೇ ಅಲ್ಲ ಮಾರಾಯ್ರೇ, ದೂರದ ಲೆಕ್ಕದ್ದು. 2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸಿದ ಶ್ರೀನಿವಾಸ ಗೌಡರ ಓಟ 142.5 ಮೀಟರಿಗೆ 13.62 ಸೆಕೆಂಡ್. ಅಂದರೆ ಸೆಕೆಂಡಿಗೆ ಹತ್ತೂವರೆ ಮೀಟರ್. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 10 ಫ್ರೇಮ್ ತೆಗೆದರೂ ಎರಡು ಫ್ರೇಮ್ ನಡುವೆ ಕೋಣ ಒಂದು ಮೀಟರ್ ಮುಂದೆ ಬಂದಿರುತ್ತದೆ.

200 ಎಂಎಂ, ಎಫ್/2.8ರಲ್ಲಿ 20 ಮೀಟರ್ ದೂರಕ್ಕೆ ಶಾರ್ಪ್ ಇರುವ ಆಳವೂ ಸುಮಾರು ಒಂದು ಮೀಟರ್ ಮಾತ್ರ. ಕೋಣದ ಮೂತಿಯಿಂದ ಹಿಂದೆ ಓಡುವವರ ಎದೆಗೆ ಮೂರು ಮೀಟರಿಗಿಂತ ಹೆಚ್ಚು. ಮೂತಿ ಅಥವಾ ಓಟಗಾರ, ಎರಡರಲ್ಲಿ ಒಂದೇ ಸಿಗುತ್ತದೆ. ಅದೇ 40 ಮೀಟರಿನಲ್ಲಿ ಆಳ ನಾಲ್ಕು ಮೀಟರಿಗೂ ಮಿಕ್ಕಿ, ಚೌಕಟ್ಟಿನ ಅಗಲ ನಾಲ್ಕೂವರೆ ಮೀಟರ್. ಜೋಡಿ ಆರಾಮವಾಗಿ ಕೂರುತ್ತದೆ. ಇನ್ನೊಂದು: ಕೋಣ 40ರಲ್ಲಿ ಒಂದು ಮೀಟರ್ ಬಂದಾಗ ಲೆನ್ಸ್ ಸರಿಯಬೇಕಾದದ್ದಕ್ಕಿಂತ 10 ಮೀಟರಿನಲ್ಲಿ ಸುಮಾರು 16 ಪಟ್ಟು ಸರಿಯಬೇಕು. ಹತ್ತಿರ ಬಂದಾಗ ಕೆಡುವುದು ಇದರಿಂದ. 50 ಮೀಟರಿನಿಂದ 25ರ ತನಕ ತೆಗೆದು ಕೈ ಬಿಡಿ. ಹಗಲಲ್ಲಿ ಎಫ್/5.6 ಇಟ್ಟರೆ 25ರಲ್ಲೂ ಮೂರು ಮೀಟರ್ ಆಳ ಸಿಗುತ್ತದೆ. ಕೋಣ ಮೇಲೆ ಹತ್ತುವ ನೇರಕ್ಕೆ ಮಾತ್ರ ಯಾವ ಫೋಟೊಗೂ ನಿಲ್ಲಬೇಡಿ.

ಉತ್ತರ 3

ರಾತ್ರಿಗೆ: ನಡುವಿನ ಪಾಯಿಂಟ್ ಮಾತ್ರ ನಂಬಿ. ಈ ಕ್ಯಾಮೆರಾದಲ್ಲಿ -3 ಇವಿ (ಬಹಳ ಮಂದ ಬೆಳಕು) ತನಕ ಹಿಡಿಯುವುದು ಅದೊಂದೇ. ಪೋಲರೈಸರ್ ಫಿಲ್ಟರ್ ಹಾಕಿದ್ದರೆ ಬಿಚ್ಚಿ, ಅದು ಒಂದೂವರೆ ಸ್ಟಾಪ್‌ನಷ್ಟು ಬೆಳಕು ತಿನ್ನುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಜ್, ಹಾಗಾಗಿ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಆಂಟಿ-ಫ್ಲಿಕರ್ ಆನ್ ಮಾಡಿದರೆ ಒಂದು ಫ್ರೇಮ್ ಬೆಳಕು ಒಂದು ಕತ್ತಲು ಆಗುವುದು ನಿಲ್ಲುತ್ತದೆ. ಮುಂದಿನ ಗಾಜಿನ ಮೇಲಿನ ಕೆಸರು ಹನಿಯನ್ನು ಓಟದಿಂದ ಓಟಕ್ಕೆ ಒರೆಸಿ.

ಕನೆಹಲಗೆಗೆ (ಹಲಗೆಯಿಂದ ನೀರನ್ನು ಮೇಲಿನ ನಿಶಾನೆ ಬಟ್ಟೆಗೆ ಚಿಮ್ಮಿಸುವ ವಿಭಾಗ) ಇದೆಲ್ಲ ತಿರುಗುಮುರುಗು. ಅಲ್ಲಿ ಬೇಕಾದದ್ದೇ ನೀರು. ನಿಶಾನೆ ಬಟ್ಟೆ ಕಟ್ಟಿದ ಜಾಗ ಬದಲಾಗುವುದಿಲ್ಲ, ಅದಕ್ಕೆ ಮೊದಲೇ ಫೋಕಸ್ ಮಾಡಿ ಹೆಬ್ಬೆರಳು ಎತ್ತಿಬಿಡಿ. ಎಫ್/5.6, 1/2000. ಹಲಗೆ ಹತ್ತಿರ ಬರುವಾಗ ಬರ್ಸ್ಟ್, ಅಂದರೆ ಒಂದರ ಹಿಂದೆ ಒಂದು ಫ್ರೇಮ್.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಿಂತ ವಸ್ತುವಿನ ಮೇಲೂ ಫೋಕಸ್ ಹಿಂದೆ ಬೀಳುತ್ತಿದೆಯೇ ಎಂದು ಹೇಗೆ ನೋಡುವುದು?

ಉತ್ತರ 1

ಟ್ರೈಪಾಡಿನ ಮೇಲೆ, ಒನ್ ಶಾಟ್ (ಒಮ್ಮೆ ಫೋಕಸ್ ಹಿಡಿದು ನಿಲ್ಲುವ ವಿಧಾನ), ನಡುವಿನ ಪಾಯಿಂಟ್, 200 ಎಂಎಂ, ಎಫ್/2.8. ಹತ್ತು ಮೀಟರ್ ದೂರದ ಅಕ್ಷರವಿರುವ ಬೋರ್ಡಿಗೆ ಹತ್ತು ಫ್ರೇಮ್, ಪ್ರತಿ ಸಲ ಫೋಕಸ್ ಕೆಡಿಸಿ ಹೊಸದಾಗಿ. ಆಮೇಲೆ ಲೈವ್ ವ್ಯೂನಲ್ಲಿ ಹತ್ತು. ಲೈವ್ ವ್ಯೂ ಸತತ ಶಾರ್ಪ್, ವ್ಯೂಫೈಂಡರ್ ಸತತ ಮಸುಕು ಇದ್ದರೆ ಮಾತ್ರ ಮೈಕ್ರೋ ಅಡ್ಜಸ್ಟ್‌ಮೆಂಟ್ (ಫೋಕಸನ್ನು ಸ್ವಲ್ಪ ಮುಂದೆ ಅಥವಾ ಹಿಂದೆ ತಿದ್ದುವ ಸೆಟ್ಟಿಂಗ್) ಮುಟ್ಟಿ. ಒಮ್ಮೆ ಸರಿ ಒಮ್ಮೆ ತಪ್ಪು ಬಂದರೆ ಅದರಿಂದ ಏನೂ ಆಗದು.